ಮೇಲ್ಗಡೆ ಯಾವುದು?

ಮೆಲ್ಬರ್ನ್‌ನಲ್ಲಿ ನನ್ನದು ಫ್ರೇಮ್ ಕಟ್ಟುವ ಕೆಲಸ. ಬರುವುದೆಲ್ಲ ಜಾಸ್ತಿ ಮದುವೆ ಫೋಟೋ, ಡಿಗ್ರಿ ಸರ್ಟಿಫಿಕೇಟ್. ಒಂದು ಜುಲೈನಲ್ಲಿ, ಕೊರೆಯುವ ಚಳಿಯಲ್ಲಿ, ನಮ್ಮ ಮೈಸೂರಿನ ಗೆಳೆಯರೊಬ್ಬರು ಸುರುಳಿ ಸುತ್ತಿದ ಕ್ಯಾನ್ವಾಸ್ ತಂದರು. ಆಸ್ಟ್ರೇಲಿಯಾದ ನಟ್ಟನಡುವಿನ ಊರು ಆಲಿಸ್ ಸ್ಪ್ರಿಂಗ್ಸ್‌ನಿಂದ ಈಶಾನ್ಯಕ್ಕೆ ಸುಮಾರು 250 ಕಿಲೋಮೀಟರ್ ದೂರದ ಯುಟೋಪಿಯಾ ಎಂಬ ಮರಳುಗಾಡಿನ ಸೀಮೆಯ ಅಬೊರಿಜಿನಲ್, ಅಂದರೆ ಅಲ್ಲಿನ ಮೂಲನಿವಾಸಿ, ಮಹಿಳೆಯೊಬ್ಬರು ಬರೆದ ಚಿತ್ರ.

ಹೆಸರಾಂತ ಅಬೊರಿಜಿನಲ್ ಕಲಾವಿದೆ ಎಮಿಲಿ ಕಾಮೆ ಉಂಗ್‌ವಾರೇ ಅವರ ಸೀಮೆಯೂ ಅದೇ. ಎಮಿಲಿ 1977ರಲ್ಲಿ ಊರಿನ ಹೆಂಗಸರ ಜೊತೆ ಬಾಟಿಕ್, ಅಂದರೆ ಬಟ್ಟೆಗೆ ಮೇಣ ಹಚ್ಚಿ ಬಣ್ಣ ಹಾಕುವುದನ್ನು, ಕಲಿತರು. ಕ್ಯಾನ್ವಾಸ್ ಮೇಲೆ ಬಣ್ಣ ಹಚ್ಚಿದ್ದು 1988ರ ಹೊತ್ತಿಗೆ, ಎಂಬತ್ತರ ಆಸುಪಾಸಿನಲ್ಲಿ. 1996ರಲ್ಲಿ ತೀರಿಕೊಳ್ಳುವಷ್ಟರಲ್ಲಿ ಸುಮಾರು ಮೂರು ಸಾವಿರ ಚಿತ್ರ! ‘ಕಾಮೆ’ ಅಂದರೆ ಅಲ್ಲಿನ ಒಂದು ಕಾಡುಗೆಣಸಿನ ಬೀಜ.

ಸುರುಳಿಯನ್ನು ಆವತ್ತೇ ಬಿಚ್ಚಲಿಲ್ಲ. ಅದಕ್ಕೆ ಕಾರಣ ಇದೆ. ಆಕ್ರಿಲಿಕ್ ಬಣ್ಣ ಒಂಥರಾ ಪ್ಲಾಸ್ಟಿಕ್. ಚಳಿಗೆ ಗಡುಸಾಗುತ್ತದೆ, ಸೆಕೆಗೆ ಅಂಟುತ್ತದೆ. ಹಿಂದೊಮ್ಮೆ, ಬಣ್ಣದ ಮುಖ ಒಳಗಡೆ ಮಾಡಿ ಸುತ್ತಿದ್ದ ಕ್ಯಾನ್ವಾಸ್ ಒಂದನ್ನು ಬೆಳಿಗ್ಗೆ ಏಳಕ್ಕೇ ಬಿಚ್ಚಿದ್ದೆ. ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ಈ ಸಲ ಒಂದು ದಿನ ಬೆಚ್ಚಗಿನ ಕೋಣೆಯಲ್ಲಿಟ್ಟೆ. ಇದನ್ನು ಸುತ್ತಿದವರು ಬಣ್ಣ ಹೊರಗೆ ಬರುವ ಹಾಗೇ ಸುತ್ತಿದ್ದರು, ಪುಣ್ಯಾತ್ಮರು.

ಬಿಚ್ಚಿದೆ. ಹಿಂಬದಿಯಲ್ಲಿ ಕೆಂಪು ಧೂಳು, ಒಂದು ಮೂಲೆಯಲ್ಲಿ ನಾಯಿಯ ಹೆಜ್ಜೆ. ಅದನ್ನು ಒರೆಸಲು ಮನಸ್ಸಾಗಲಿಲ್ಲ.

ಚುಕ್ಕಿ ನೋಡಿದ ಕೂಡಲೇ ನಮ್ಮವರೆಲ್ಲ ‘ಓ, ರಂಗೋಲಿ’ ಅಂತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಟೇಬಲ್ ಲ್ಯಾಂಪನ್ನು ಪಕ್ಕಕ್ಕೆ ಇಳಿಸಿ ಓರೆ ಬೆಳಕಲ್ಲಿ ನೋಡಿದಾಗ ಲೆಕ್ಕ ತಪ್ಪಿತು. ಚುಕ್ಕಿಗಳ ಅಡಿಯಲ್ಲಿ ಸಣ್ಣ ಏಣುಗಳು ಹರಿದಿದ್ದವು. ಅಂದರೆ ಗೆರೆ ಮೊದಲು, ಚುಕ್ಕಿ ಆಮೇಲೆ. ರಂಗೋಲಿಯಲ್ಲಿ ಚುಕ್ಕಿ ಇಟ್ಟು ಗೆರೆಯಲ್ಲಿ ಸೇರಿಸುತ್ತೇವೆ. ಇಲ್ಲಿ ಗೆರೆಯನ್ನೇ ಚುಕ್ಕಿಯಿಂದ ಮುಚ್ಚಿದ್ದಾರೆ. ಎಮಿಲಿಯವರ ಮೊದಮೊದಲ ಚಿತ್ರಗಳಲ್ಲೂ ಹೀಗೇ. ಜೊತೆಗಿದ್ದ ಚೀಟಿಯಲ್ಲಿ ಕಾಡುಗೆಣಸಿನ ಕಥೆ ಅಂತಿತ್ತು. ಗೆಣಸು ಇರೋದು ಮಣ್ಣಿನ ಕೆಳಗೇ ಅಲ್ವಾ? ಬಲಿತಾಗ ನೆಲ ಬಿರಿಯುತ್ತದೆ, ಹೆಂಗಸರು ಆ ಬಿರುಕು ನೋಡಿ ಅಗೆಯುತ್ತಾರೆ.

ಕ್ಯಾನ್ವಾಸನ್ನು ಮರದ ಚೌಕಟ್ಟಿಗೆ ಬಿಗಿಯುವ ಕೆಲಸ ಸುಲಭ, ಅವಸರ ಮಾಡಬಾರದು ಅಷ್ಟೇ. ಮೆತ್ತನೆಯ ಹೊದಿಕೆ ಮೇಲೆ ಬೋರಲು ಹಾಕಿದೆ. ಚುಕ್ಕಿಗಳು ಉಬ್ಬಿರುವುದರಿಂದ ಅಂಗೈ ಊರುವಂತಿಲ್ಲ. ಒಂದು ಬದಿಯ ನಡುವೆ ಒಂದು ಸ್ಟೇಪಲ್, ಎದುರು ಬದಿಗೊಂದು, ಆಮೇಲೆ ಉಳಿದೆರಡು ಬದಿ. ಹೀಗೆ ನಡುವಿನಿಂದ ಮೂಲೆಯತ್ತ. ತಮಟೆ ಥರ ಬಿಗಿದರೆ ಕೆಟ್ಟಿತು. ಬೆರಳಲ್ಲಿ ತಟ್ಟಿದಾಗ ಮೆಲ್ಲಗೆ ಸದ್ದು ಬಂದರೆ ಸಾಕು. ಹಿಂದೆ ಬರೆದಿದ್ದ ನಂಬರು ಮರದ ಪಟ್ಟಿಯಡಿ ಹೋಗುವಂತಿತ್ತು. ಮೊದಲೇ ಫೋಟೋ ತೆಗೆದಿಟ್ಟೆ. ಚಿತ್ರ ಯಾರದು ಅನ್ನುವುದಕ್ಕೆ ಅದೇ ದಾಖಲೆ.

ಗೆಳೆಯರು ಬಂದು ನೋಡಿ, “ಮೇಲ್ಗಡೆ ಯಾವುದು?” ಅಂದರು. ಚೀಟಿಯಲ್ಲಿ ಹುಡುಕಿದೆವು, ಇರಲಿಲ್ಲ. ಅಲ್ಲಿ ಕ್ಯಾನ್ವಾಸ್ ನೆಲದ ಮೇಲೆ ಹಾಸಿ ಕೂತು ಬರೆಯುತ್ತಾರೆ. 1995ರಲ್ಲಿ ಎಮಿಲಿ ಎಂಟು ಮೀಟರ್ ಅಗಲದ ‘ಬಿಗ್ ಯಾಮ್ ಡ್ರೀಮಿಂಗ್’ ಎಂಬ ಕಾಡುಗೆಣಸಿನ ಚಿತ್ರ ಬರೆದಾಗ ಕ್ಯಾನ್ವಾಸ್ ಮೇಲೇ ಚಕ್ಕಳಮಕ್ಕಳ ಕೂತಿದ್ದರು.

“ನಾಲ್ಕೂ ಕಡೆ ಕೊಕ್ಕೆ ಹಾಕಿಕೊಡಲಾ?” ಅಂದೆ. ನಕ್ಕರು. ಹಾಕಿಕೊಟ್ಟೆ, ಎಂಟು ಕೊಕ್ಕೆ. ಮೊನ್ನೆ ಅವರ ಮನೆಗೆ ಹೋದಾಗ ಚಿತ್ರ ಅಡ್ಡಕ್ಕೆ ತಿರುಗಿತ್ತು.