ಬೇರೆಯವರ ಫೈಲ್, ನನ್ನ ಮಾಡ್: ಸ್ಕೈರಿಮ್‌ಗೆ ಕೆಲಸ ಮಾಡುವಾಗ ಅನುಮತಿ ಮತ್ತು ಕ್ರೆಡಿಟ್

ಬೇರೊಬ್ಬ ಮಾಡರ್ ರಚಿಸಿದ ಟೆಕ್ಸ್ಚರ್ (ಮಾದರಿಯ ಮೇಲ್ಮೈ ಚಿತ್ರ) ಒಂದನ್ನು ನನ್ನ ಮಾಡ್‌ಗೆ (ಆಟವನ್ನು ಬದಲಿಸಲು ಆಟಗಾರರೇ ಮಾಡುವ ಫೈಲ್‌ಗಳ ಕಟ್ಟು) ಸೇರಿಸಿ, ಪುಟದ ಕೊನೆಯಲ್ಲಿ ಅವರ ಹೆಸರು ಬರೆದರೆ ಸಾಕೇ? ಸಾಲದು. ಹೆಸರು ಹಾಕುವುದು ಬೇರೆ, ಅನುಮತಿ ಪಡೆಯುವುದು ಬೇರೆ. ಬೆಥೆಸ್ಡಾ ಕಂಪನಿಯ ಸ್ಕೈರಿಮ್ ಎಂಬ ವಿಡಿಯೊ ಆಟದ ಮಾಡಿಂಗ್‌ನಲ್ಲಿ ನಾನು ಕಂಡ ಜಗಳಗಳಲ್ಲಿ ಹೆಚ್ಚಿನವು ಈ ಎರಡನ್ನೂ ಒಂದೇ ಎಂದುಕೊಂಡದ್ದರಿಂದ ಹುಟ್ಟಿದವು. ಆ ಆಟದ ಸ್ಪೆಷಲ್ ಎಡಿಷನ್‌ಗೆ ಪ್ಯಾಚ್ (ಬೇರೊಂದು ಮಾಡ್ ಅನ್ನು ತಿದ್ದುವ ಚಿಕ್ಕ ಮಾಡ್), ಟೆಕ್ಸ್ಚರ್, ಉಡುಪಿನ ಕನ್ವರ್ಷನ್ (ಬೇರೆ ದೇಹಾಕಾರಕ್ಕೆ ಹೊಂದಿಸುವುದು) ಮಾಡುವಾಗ ನಾನು ಪಾಲಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಕೇಳಿಕೊಳ್ಳುವ ಪ್ರಶ್ನೆ: ಆ ಫೈಲ್ ನನ್ನ ಪ್ಯಾಕೇಜ್ ಒಳಗೆ ಇರಲೇಬೇಕೇ? ಬಹಳ ಸಲ ಬೇಕಾಗಿಲ್ಲ. ಮೂಲ ಮಾಡ್ ಅನ್ನು ಮಾಸ್ಟರ್ (ನನ್ನ ಮಾಡ್ ಅವಲಂಬಿಸುವ ಮಾಡ್) ಆಗಿ ಇಟ್ಟುಕೊಂಡು, ನಾನು ಬದಲಿಸಿದ್ದನ್ನು ಮಾತ್ರ ನನ್ನ ಇಎಸ್‌ಪಿ ಎಂಬ ಪ್ಲಗಿನ್ ಫೈಲ್‌ನಲ್ಲಿ ಇಡಬಹುದು. ಪ್ಲಗಿನ್ ತಿದ್ದುವ ಉಪಕರಣವಾದ ಎಕ್ಸ್‌ಎಡಿಟ್‌ನಲ್ಲಿ ಬೇಕಾದ ರೆಕಾರ್ಡ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಕಾಪಿ ಆ್ಯಸ್ ಓವರ್‌ರೈಡ್ ಇನ್‌ಟು’ ಆರಿಸಿದರೆ ಫಾರ್ಮ್ ಐಡಿ (ರೆಕಾರ್ಡ್‌ನ ಗುರುತು ಸಂಖ್ಯೆ) ಹಾಗೇ ಉಳಿಯುತ್ತದೆ, ಮೂಲ ಪ್ಲಗಿನ್ ಮಾಸ್ಟರ್ ಪಟ್ಟಿಗೆ ಸೇರುತ್ತದೆ. ನನ್ನ ಪ್ಯಾಚ್ ಬೇಕೆಂದವರು ಮೂಲ ಮಾಡ್ ಅನ್ನು ಅದರ ಲೇಖಕರ ಪುಟದಿಂದಲೇ ಇಳಿಸಿಕೊಳ್ಳಬೇಕು. ಡೌನ್‌ಲೋಡ್, ಎಂಡಾರ್ಸ್‌ಮೆಂಟ್ (ಬಳಕೆದಾರರ ಮೆಚ್ಚುಗೆ) ಎಲ್ಲ ಅವರಿಗೇ ಹೋಗುತ್ತವೆ, ಅವರು ಮುಂದೆ ಮಾಡುವ ತಿದ್ದುಪಡಿಗಳೂ ಬಳಕೆದಾರರಿಗೆ ಸಿಗುತ್ತವೆ. ಮಾಡ್‌ಗಳನ್ನು ಹಂಚುವ ತಾಣವಾದ ನೆಕ್ಸಸ್‌ನಲ್ಲಿ ನನ್ನ ಪುಟದ ರಿಕ್ವೈರ್‌ಮೆಂಟ್ಸ್‌ನಲ್ಲಿ ಆ ಮಾಡ್ ಅನ್ನು ನಮೂದಿಸಿದರೆ, ‘ಇದನ್ನು ಅವಲಂಬಿಸಿರುವ ಮಾಡ್‌ಗಳು’ ಎಂದು ಅವರ ಪುಟದಲ್ಲಿ ನನ್ನದೂ ತಾನಾಗಿ ಕಾಣುತ್ತದೆ. ಇದಕ್ಕಿಂತ ಒಳ್ಳೆಯ ಕ್ರೆಡಿಟ್ ನನಗೆ ಗೊತ್ತಿಲ್ಲ.

ಇಲ್ಲಿ ಎಡವುವ ಜಾಗ ಎರಡು. ‘ಕಾಪಿ ಆ್ಯಸ್ ನ್ಯೂ ರೆಕಾರ್ಡ್’ ಒತ್ತಿದರೆ ಹೊಸ ಫಾರ್ಮ್ ಐಡಿ ಹುಟ್ಟುತ್ತದೆ. ಆಗ ಅದು ಪ್ಯಾಚ್ ಆಗಿ ಉಳಿಯುವುದಿಲ್ಲ, ಅವರ ಕೆಲಸದ ನಕಲಾಗುತ್ತದೆ. ಇನ್ನೊಂದು, ಮೂಲ ಲೇಖಕರು ಪ್ಲಗಿನ್ ಅನ್ನು ಇಎಸ್‌ಎಲ್‌ಗೆ (ಹಗುರ ಪ್ಲಗಿನ್‌ಗೆ) ಬದಲಿಸಲು ಫಾರ್ಮ್ ಐಡಿಗಳನ್ನು ಕಾಂಪ್ಯಾಕ್ಟ್ ಮಾಡಿದರೆ, ಅಂದರೆ ಹೊಸ ಸಂಖ್ಯೆ ಕೊಟ್ಟರೆ, ಹಳೆಯ ಪ್ಯಾಚ್ ಇಲ್ಲದ ರೆಕಾರ್ಡ್‌ಗಳತ್ತ ಕೈತೋರಿಸುತ್ತದೆ. ಬಳಕೆದಾರರು ಬೈಯುವುದು ಮಾತ್ರ ಮೂಲ ಲೇಖಕರನ್ನು. ಅದಕ್ಕೇ ಪ್ಯಾಚ್ ಯಾವ ಆವೃತ್ತಿಗೆ ಮಾಡಿದ್ದು ಎಂದು ಫೈಲ್ ಹೆಸರಿನಲ್ಲೇ ಬರೆಯುತ್ತೇನೆ, ದೋಷ ಕಂಡರೆ ನನ್ನ ಪುಟಕ್ಕೇ ತಿಳಿಸಿ ಎಂದು ವಿವರಣೆಯ ಮೊದಲ ಸಾಲಿನಲ್ಲೇ ಹಾಕುತ್ತೇನೆ.

ಟೆಕ್ಸ್ಚರ್‌ನಲ್ಲಿ ಗೆರೆ ಸ್ವಲ್ಪ ಸೂಕ್ಷ್ಮ. ಮೂಲ ಮೆಶ್‌ನ (3ಡಿ ಆಕಾರದ) ಯುವಿ (ಆಕಾರದ ಮೇಲೆ ಚಿತ್ರ ಕೂರುವ ನಕ್ಷೆ) ನೋಡಿಕೊಂಡು ಖಾಲಿ ಕ್ಯಾನ್ವಾಸ್‌ನಿಂದ ನಾನೇ ಬರೆದ ಡಿಡಿಎಸ್ (ಟೆಕ್ಸ್ಚರ್ ಫೈಲ್) ಅನ್ನು ಅದೇ ಪಾತ್‌ನಲ್ಲಿ ಇಟ್ಟರೆ, ಹಂಚುವುದು ನನ್ನ ಫೈಲ್ ಮಾತ್ರ. ಲೇಖಕರಿಗೆ ಒಂದು ಮಾತು ತಿಳಿಸಿ ಮುಂದುವರಿಯುತ್ತೇನೆ. ಅವರ ಡಿಡಿಎಸ್ ತೆರೆದು ಬಣ್ಣ ತಿರುಗಿಸಿದರೆ, ಅಥವಾ ಅವರ ನಾರ್ಮಲ್ ಮ್ಯಾಪ್ (ಉಬ್ಬುತಗ್ಗು ತೋರಿಸುವ ಟೆಕ್ಸ್ಚರ್) ಉಳಿಸಿಕೊಂಡರೆ, ಅನುಮತಿ ಬೇಕೇ ಬೇಕು. ಎಷ್ಟು ಶೇಕಡಾ ಬದಲಿಸಿದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬಾಡಿಸ್ಲೈಡ್ (ದೇಹ, ಉಡುಪುಗಳ ಆಕಾರ ಹೊಂದಿಸುವ ಉಪಕರಣ) ಕನ್ವರ್ಷನ್ ಮಾಡುವವರಂತೂ ಇದನ್ನು ತಪ್ಪಾಗಿ ತಿಳಿಯುತ್ತಾರೆ. ಒಎಸ್‌ಡಿ ಫೈಲ್‌ನಲ್ಲಿರುವುದು ಸ್ಲೈಡರ್‌ಗಳ ವ್ಯತ್ಯಾಸ ಮಾತ್ರ, ನಿಜ. ಆದರೆ ಜೊತೆಗೆ ಹೋಗುವ ಶೇಪ್‌ಡೇಟಾ ಫೋಲ್ಡರ್‌ನ ನಿಫ್ ಎಂಬ ಮೆಶ್ ಫೈಲ್‌ನಲ್ಲಿ ಉಡುಪಿನ ಮೆಶ್ ಇಡಿಯಾಗಿ ಕುಳಿತಿರುತ್ತದೆ. ಸ್ಲೈಡರ್ ಮಾತ್ರ ಹಂಚುತ್ತಿದ್ದೇನೆ ಎಂದುಕೊಂಡವರು ಉಡುಪನ್ನೇ ಹಂಚಿರುತ್ತಾರೆ.

ಫೈಲ್ ಸೇರಿಸಲೇಬೇಕಾದಾಗ ಅದು ವರ್ಕಿಂಗ್ ಫೋಲ್ಡರ್‌ಗೆ ಬಂದ ದಿನವೇ ಒಂದು ಸ್ಪ್ರೆಡ್‌ಶೀಟ್‌ನಲ್ಲಿ ಸಾಲು ಬರೆಯುತ್ತೇನೆ: ನನ್ನಲ್ಲಿರುವ ಪಾತ್, ಮೂಲ ಮಾಡ್‌ನ ಹೆಸರು, ಲೇಖಕರ ಹೆಸರು ಅವರು ಬರೆಯುವ ರೀತಿಯಲ್ಲೇ, ಪುಟದ ಸಂಖ್ಯೆ, ಆವೃತ್ತಿ, ಅನುಮತಿಯ ಪೂರ್ತಿ ಪಠ್ಯ, ಅದನ್ನು ನೋಡಿದ ದಿನಾಂಕ. ಅನುಮತಿ ಪುಟದ ಸ್ಕ್ರೀನ್‌ಶಾಟ್ ಪಕ್ಕದಲ್ಲೇ ಇರುತ್ತದೆ, ಏಕೆಂದರೆ ಆ ಪಠ್ಯವನ್ನು ಲೇಖಕರು ಯಾವಾಗ ಬೇಕಾದರೂ ಬದಲಿಸಬಹುದು, ಪುಟವನ್ನೇ ಮರೆಮಾಡಬಹುದು. ಬಿಡುಗಡೆಯ ಹಿಂದಿನ ರಾತ್ರಿ ನೆನಪಿನಿಂದ ಬರೆದ ಕ್ರೆಡಿಟ್‌ನಲ್ಲಿ ಯಾರಾದರೂ ಬಿಟ್ಟುಹೋಗುವುದು ಖಂಡಿತ. ಬಿಟ್ಟುಹೋಗುವವರು ಸಾಮಾನ್ಯವಾಗಿ ಒಂದು ಬಕ್ಕಲ್ಲೋ ಒಂದು ಗುಂಡಿಯೋ ಕೊಟ್ಟವರು.

ಎಲ್ಲಿಂದ ಬಂತೆಂದು ಗೊತ್ತಿಲ್ಲದ ಫೈಲ್ ಇದ್ದರೆ ಅದರ ಮೂಲ ಹುಡುಕುವ ದಾರಿಗಳಿವೆ. ನಿಫ್ ತೆರೆಯುವ ಉಪಕರಣವಾದ ನಿಫ್‌ಸ್ಕೋಪ್‌ನಲ್ಲಿ ಬಿಎಸ್‌ಶೇಡರ್‌ಟೆಕ್ಸ್ಚರ್‌ಸೆಟ್ ಎಂಬ ಭಾಗ ತೆರೆದರೆ ಟೆಕ್ಸ್ಚರ್ ಪಾತ್‌ಗಳು ಕಾಣುತ್ತವೆ. ಮಾಡರ್‌ಗಳು ತಮ್ಮ ಹೆಸರಿನ ಫೋಲ್ಡರ್ ಮಾಡಿಕೊಳ್ಳುವುದು ರೂಢಿಯಾದ್ದರಿಂದ ಬಹಳ ಸಲ ಹೆಸರು ಅಲ್ಲೇ ಸಿಗುತ್ತದೆ. ನಿಫ್ ಹೆಡರ್‌ನಲ್ಲೂ ಲೇಖಕರ ಹೆಸರಿಗೆ ಜಾಗವಿದೆ. ಪ್ಲಗಿನ್‌ನ ಹೆಡರ್ ರೆಕಾರ್ಡ್‌ನಲ್ಲಿ ಲೇಖಕ, ವಿವರಣೆ ಎಂಬ ಎರಡು ಫೀಲ್ಡ್‌ಗಳನ್ನು ಎಕ್ಸ್‌ಎಡಿಟ್ ತೋರಿಸುತ್ತದೆ. ಆಟದ ಸ್ಕ್ರಿಪ್ಟ್ ಭಾಷೆಯಾದ ಪ್ಯಾಪಿರಸ್‌ನ ಸ್ಕ್ರಿಪ್ಟ್ ಕಂಪೈಲ್ ಆದ ಪೆಕ್ಸ್ ಫೈಲ್‌ನ ಹೆಡರ್‌ನಲ್ಲಿ ಮೂಲ ಫೈಲ್‌ನ ಹೆಸರು, ಕಂಪೈಲ್ ಮಾಡಿದವರ ವಿಂಡೋಸ್ ಯೂಸರ್ ಹೆಸರು, ಕಂಪ್ಯೂಟರ್ ಹೆಸರು ಮೂರೂ ಇರುತ್ತವೆ. (ನಿಮ್ಮದೂ ಹಾಗೇ ಹೊರಗೆ ಹೋಗುತ್ತದೆ. ನಿಜಹೆಸರು ಹೊರಬೀಳಬಾರದೆಂದಿದ್ದರೆ ಬೇರೆ ಯೂಸರ್ ಖಾತೆಯಲ್ಲಿ ಕಂಪೈಲ್ ಮಾಡಿ.) ಇಷ್ಟಾದರೂ ಮೂಲ ಸಿಗದಿದ್ದರೆ ಆ ಫೈಲ್ ತೆಗೆದುಹಾಕಿ ಹೊಸದು ಮಾಡುತ್ತೇನೆ. ‘ಇದರ ಮಾಲೀಕರು ಯಾರೆಂದು ತಿಳಿಯದು, ತಿಳಿದರೆ ಹೇಳಿ’ ಎಂದು ಬರೆದು ಬಿಡುಗಡೆ ಮಾಡುವುದನ್ನು ನಾನು ಒಪ್ಪುವುದಿಲ್ಲ.

ನೆಕ್ಸಸ್‌ನ ಅನುಮತಿ ಪಟ್ಟಿಯನ್ನು ಸಾಲುಸಾಲಾಗಿ ಓದಬೇಕು. ಬೇರೆ ಕಡೆ ಅಪ್‌ಲೋಡ್ ಮಾಡುವುದು, ಬದಲಿಸುವುದು, ಬೇರೆ ಆಟಕ್ಕೆ ಕನ್ವರ್ಟ್ ಮಾಡುವುದು, ಅಸೆಟ್ (ಮೆಶ್, ಟೆಕ್ಸ್ಚರ್‌ನಂಥ ಫೈಲ್) ಬಳಸುವುದು, ಮಾರುವ ಮಾಡ್‌ನಲ್ಲಿ ಅಸೆಟ್ ಬಳಸುವುದು, ಡೊನೇಷನ್ ಪಾಯಿಂಟ್ (ನೆಕ್ಸಸ್ ಲೇಖಕರಿಗೆ ಕೊಡುವ ಸಂಭಾವನೆಯ ಅಂಕ) ಗಳಿಸುವ ಮಾಡ್‌ನಲ್ಲಿ ಬಳಸುವುದು, ಇವೆಲ್ಲ ಬೇರೆ ಬೇರೆ ಸಾಲು. ಒಂದಕ್ಕೆ ಹೌದು ಎಂದವರು ಇನ್ನೊಂದಕ್ಕೆ ಇಲ್ಲ ಎಂದಿರಬಹುದು. ಎಲ್ಲಕ್ಕಿಂತ ಮುಖ್ಯವಾದದ್ದು ‘ಈ ಫೈಲ್‌ನ ಕೆಲವು ಅಸೆಟ್‌ಗಳು ಬೇರೆ ಲೇಖಕರವು’ ಎಂಬ ಸಾಲು. ಮೊದಲನೆಯವರು ಎರಡನೆಯವರಿಗೆ ಕೊಟ್ಟ ಅನುಮತಿ ಮೂರನೆಯವನಾದ ನನಗೆ ಬರುವುದಿಲ್ಲ. ಎರಡನೆಯವರು ಸಂತೋಷದಿಂದ ‘ಬಳಸಿ’ ಎಂದರೂ ಅವರದಲ್ಲದ ತೋಳಪಟ್ಟಿಯನ್ನು ಅವರು ನನಗೆ ಕೊಡಲಾರರು. ಕ್ರೆಡಿಟ್ ವಿಭಾಗ ಹಿಡಿದು ಒಬ್ಬೊಬ್ಬರ ಪುಟಕ್ಕೂ ಹೋಗಿ, ಮೂಲದವರೆಗೆ ಏರಬೇಕು.

ಆಟದ ಕಂಪನಿಯ ವಸ್ತುವಿಗೂ ಮಿತಿ ಇದೆ. ಸ್ಕೈರಿಮ್‌ನ ಮೆಶ್ ಬದಲಿಸಿ ಸ್ಕೈರಿಮ್‌ಗೇ ಹಂಚಬಹುದು. ಅದಕ್ಕಿಂತ ಹಳೆಯ ಆಟಗಳಾದ ಆಬ್ಲಿವಿಯನ್ ಅಥವಾ ಮೊರೊವಿಂಡ್‌ನ ಮೆಶ್ ಅನ್ನು ಸ್ಕೈರಿಮ್‌ಗೆ ತರುವಂತಿಲ್ಲ, ಮೂರೂ ಬೆಥೆಸ್ಡಾದ್ದೇ ಆಗಿದ್ದರೂ. ಆ ಎರಡು ಆಟಗಳನ್ನು ಸ್ಕೈರಿಮ್‌ನಲ್ಲಿ ಮತ್ತೆ ಕಟ್ಟುತ್ತಿರುವ ಸ್ಕೈಬ್ಲಿವಿಯನ್, ಸ್ಕೈವಿಂಡ್ ತಂಡಗಳು ವರ್ಷಗಟ್ಟಲೆ ಕೂತು ಮಾದರಿಗಳನ್ನು ಹೊಸದಾಗಿ ಕಡೆಯುತ್ತಿರುವುದಕ್ಕೆ ಇದೂ ಒಂದು ಕಾರಣ. ಹೊರಗಿನ ಉಚಿತ ಸಂಗ್ರಹಗಳಲ್ಲಿ ಪಾಲಿ ಹೇವನ್, ಆಂಬಿಯೆಂಟ್‌ಸಿಜಿ ಎರಡೂ ಸಿಸಿ0 (ಷರತ್ತಿಲ್ಲದೆ ಬಳಸಬಹುದಾದ ಲೈಸೆನ್ಸ್) ಆದ್ದರಿಂದ ನಿಶ್ಚಿಂತೆ. ಸಿಸಿ ಬಿವೈ (ಕ್ರೆಡಿಟ್ ಕೊಟ್ಟು ಬಳಸಬೇಕಾದ ಲೈಸೆನ್ಸ್) ಆದರೆ ಲೇಖಕ, ಕೃತಿ, ಕೊಂಡಿ, ಲೈಸೆನ್ಸ್ ಹೆಸರು, ಏನು ಬದಲಿಸಿದೆ ಎಂಬುದು ಇಷ್ಟನ್ನೂ ಬರೆಯಬೇಕು. ಎಸ್‌ಕೆಎಸ್‌ಇ (ಸ್ಕೈರಿಮ್ ಸ್ಕ್ರಿಪ್ಟ್ ಎಕ್ಸ್‌ಟೆಂಡರ್) ಪ್ಲಗಿನ್‌ಗೆ ಎಂಐಟಿ ಎಂಬ ಮುಕ್ತ ಲೈಸೆನ್ಸ್‌ನ ಕೋಡ್ ಸೇರಿಸಿದ್ದರೆ ಆ ಲೈಸೆನ್ಸ್ ಪಠ್ಯವನ್ನೂ ಡಿಎಲ್‌ಎಲ್ ಜೊತೆ ಪ್ಯಾಕ್ ಮಾಡಬೇಕು. ಇದನ್ನು ಮರೆಯುವವರೇ ಹೆಚ್ಚು.

ಅನುಮತಿ ಕೇಳುವ ಪತ್ರ ಚಿಕ್ಕದಾಗಿರಲಿ, ಆದರೆ ‘ನಿಮ್ಮ ಮಾಡ್ ಬಳಸಬಹುದೇ’ ಎಂದು ಮೋಘಮ್ಮಾಗಿ ಕೇಳಬೇಡಿ. ಯಾವ ಫೈಲ್‌ಗಳು ಎಂದು ಹೆಸರಿಸಿ. ಅವುಗಳಿಗೆ ಏನು ಮಾಡುತ್ತೇನೆ, ಎಲ್ಲಿ ಹಾಕುತ್ತೇನೆ, ಡೊನೇಷನ್ ಪಾಯಿಂಟ್ ಇರುತ್ತದೆಯೇ, ಎಕ್ಸ್‌ಬಾಕ್ಸ್‌ಗೂ ಹೋಗುತ್ತದೆಯೇ ಎಂದು ಹೇಳಿ. ಕ್ರೆಡಿಟ್ ಸಾಲನ್ನು ಹೇಗೆ ಬರೆಯುತ್ತೇನೆಂದು ಅಲ್ಲೇ ತೋರಿಸಿ. ಎಕ್ಸ್‌ಬಾಕ್ಸ್ ವಿಷಯ ಬಿಡಲೇಬಾರದು: 2016ರಲ್ಲಿ ಫಾಲ್‌ಔಟ್ 4ಕ್ಕೆ ಕನ್ಸೋಲ್ ಮಾಡ್ ಬಂದಾಗ ಪಿಸಿ ಮಾಡ್‌ಗಳನ್ನು ಲೇಖಕರಿಗೆ ತಿಳಿಸದೆ ಅಲ್ಲಿ ಏರಿಸಿದ ಗಾಯ ಹಳೆಯ ಲೇಖಕರಲ್ಲಿ ಇನ್ನೂ ಮಾಗಿಲ್ಲ. ಉತ್ತರ ಬಾರದಿದ್ದರೆ ಎರಡು ಮೂರು ವಾರ ಬಿಟ್ಟು ಒಮ್ಮೆ ನೆನಪಿಸುತ್ತೇನೆ. ಮತ್ತೂ ಮೌನವೇ ಆದರೆ ಅದು ‘ಇಲ್ಲ’. ಇಷ್ಟು ದಿನ ಉತ್ತರಿಸದಿದ್ದರೆ ಬಳಸಿಕೊಳ್ಳಿ ಎಂದು ಅವರೇ ಪುಟದಲ್ಲಿ ಬರೆದಿದ್ದರೆ ಮಾತು ಬೇರೆ.

ದುಡ್ಡು ಬಂದರೆ ಲೆಕ್ಕವೆಲ್ಲ ಬದಲಾಗುತ್ತದೆ. 2015ರ ಏಪ್ರಿಲ್ 23ರಂದು ಸ್ಟೀಮ್ ವರ್ಕ್‌ಶಾಪ್‌ನಲ್ಲಿ ಸ್ಕೈರಿಮ್ ಮಾಡ್ ಮಾರಾಟ ಶುರುವಾಗಿ 27ಕ್ಕೇ ನಿಂತಿತು. ಮಾಡರ್‌ಗೆ ಸಿಗುತ್ತಿದ್ದದ್ದು ಶೇ 25. ಅಷ್ಟರಲ್ಲೇ ಮೀನು ಹಿಡಿಯುವ ಮಾಡ್ ಒಂದನ್ನು ಹಿಂತೆಗೆಯಬೇಕಾಯಿತು, ಅದು ಬೇರೊಬ್ಬರ ಉಚಿತ ಅನಿಮೇಷನ್ ಮಾಡ್ ಅನ್ನು ಆಧರಿಸಿತ್ತು. ಉಚಿತ ಮಾಡ್‌ಗೆ ಮಾಸ್ಟರ್ ಆಗಲು ಹೆಚ್ಚಿನವರು ಬೇಡವೆನ್ನುವುದಿಲ್ಲ. ಅದೇ ಅವಲಂಬನೆ ಮೇಲೆ ಬೆಲೆಚೀಟಿ ಅಂಟಿಸುವ ಮುನ್ನ ಕೇಳಲೇಬೇಕು.

ಕ್ರೆಡಿಟ್ ಬರೆಯುವಾಗ ಒಬ್ಬರಿಗೆ ಒಂದು ಸಾಲು: ಹೆಸರು, ಯಾವ ಫೈಲ್, ಯಾವ ಮಾಡ್‌ನಿಂದ, ಕೊಂಡಿ, ಮುಕ್ತ ಅನುಮತಿಯೋ ಕೇಳಿ ಪಡೆದದ್ದೋ. ಅಸೆಟ್ ಕೊಟ್ಟವರು ಮೊದಲು, ಪರೀಕ್ಷಿಸಿದವರು, ಅನುವಾದಿಸಿದವರು ನಂತರ, ಎಕ್ಸ್‌ಎಡಿಟ್, ನಿಫ್‌ಸ್ಕೋಪ್‌ನಂಥ ಉಪಕರಣ ಬರೆದವರು ಕೊನೆಗೆ. ‘ಸಮುದಾಯದ ಎಲ್ಲರಿಗೂ ಧನ್ಯವಾದ’ ಎಂಬುದು ಯಾರ ಹೆಸರನ್ನೂ ಹೇಳುವುದಿಲ್ಲ. ಧ್ವನಿಯೋ ಚಿತ್ರವೋ ಎಐನಿಂದ ಬಂದಿದ್ದರೆ ಅದನ್ನೂ ಬರೆಯುತ್ತೇನೆ. ನಟರ ದನಿಯನ್ನು ಅವರನ್ನು ಕೇಳದೆ ಕ್ಲೋನ್ ಮಾಡುವ ಕೆಲಸಕ್ಕಂತೂ ಕೈಹಾಕುವುದಿಲ್ಲ. ಇದೇ ಪಠ್ಯವನ್ನು ಜಿಪ್ ಒಳಗೂ ಇಡುತ್ತೇನೆ, ಏಕೆಂದರೆ ಫೈಲ್ ಬೇರೆಡೆ ಹರಿದಾಡುವಾಗ ಪುಟ ಅದರ ಜೊತೆ ಹೋಗುವುದಿಲ್ಲ. ಆದರೆ ‘ರೀಡ್‌ಮಿ’ ಎಂದಷ್ಟೇ ಹೆಸರಿಟ್ಟರೆ ಡೇಟಾ ಫೋಲ್ಡರ್‌ನಲ್ಲಿ ಹತ್ತು ಮಾಡ್‌ಗಳ ರೀಡ್‌ಮಿಗಳು ಒಂದನ್ನೊಂದು ಅಳಿಸಿ ಒಂದೇ ಉಳಿಯುತ್ತದೆ. ಮಾಡ್‌ನ ಹೆಸರನ್ನೇ ಫೈಲ್‌ಗಿಟ್ಟು ಡಾಕ್ಸ್ ಫೋಲ್ಡರ್‌ನಲ್ಲಿ ಹಾಕಿ.

ನಮ್ಮ ಕಡೆ ಸ್ಕೈರಿಮ್‌ಗಿಂತ ಬಸ್ ಆಟಗಳ ಮಾಡ್ ಮಾಡುವವರು ಹೆಚ್ಚು. ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾದಲ್ಲಿ ಓಡುವ ಕೆಎಸ್‌ಆರ್‌ಟಿಸಿ ಐರಾವತದಲ್ಲಿ ಬಾಡಿ ಮಾದರಿ ಒಬ್ಬರದು, ಅದನ್ನು ಆಟಕ್ಕೆ ಕೂಡಿಸಿದವರು ಇನ್ನೊಬ್ಬರು, ಲಿವರಿ (ಬಸ್ಸಿನ ಹೊರಮೈಯ ಬಣ್ಣ, ಚಿತ್ರ) ಬರೆದವರು ಮತ್ತೊಬ್ಬರು. ವಿಡಿಯೊದಲ್ಲಿ ಉಳಿಯುವುದು ಮಾತ್ರ ಕೊನೆಯವರ ಹೆಸರು. ಮೂರನ್ನೂ ಮೂರು ಸಾಲಾಗಿ ಬರೆಯಿರಿ. ಮತ್ತೊಬ್ಬರ ಮಾಡ್ ಫೈಲ್ ಅನ್ನು ನಿಮ್ಮ ಡ್ರೈವ್‌ಗೆ ಏರಿಸಿ ಕೊಂಡಿ ಕೊಡುವ ಬದಲು ಅವರ ಕೊಂಡಿಯನ್ನೇ ಕೊಡಿ. ಯೂರೋ ಟ್ರಕ್ ಸಿಮ್ಯುಲೇಟರ್ 2ರಲ್ಲಾದರೆ ಮ್ಯಾನಿಫೆಸ್ಟ್ ಫೈಲ್‌ನಲ್ಲಿ ಲೇಖಕರ ಹೆಸರಿಗೆ ಜಾಗವಿದೆ, ವಿವರಣೆಗೆ ಪ್ರತ್ಯೇಕ ಪಠ್ಯ ಫೈಲ್ ಇದೆ; ಲೇಖಕರ ಜಾಗದಲ್ಲಿ ಮಾದರಿ ಮಾಡಿದವರ ಹೆಸರನ್ನು ಅಳಿಸಿ ನಿಮ್ಮದನ್ನು ತುಂಬಬೇಡಿ, ಪಕ್ಕದಲ್ಲಿ ಸೇರಿಸಿ.

ನಮ್ಮ ಮಾಡ್‌ಗೆ ನಾವು ಯಾವ ಅನುಮತಿ ಇಡಬೇಕು? ಬೆಥೆಸ್ಡಾ ಆಟಗಳ ಮಾಡಿಂಗ್‌ನಲ್ಲಿ ಹಿಂದಿನಿಂದಲೂ ಎರಡು ಪಂಥ. ಎಲ್ಲರೂ ಕಲ್ಲು ಹೊತ್ತು ಒಂದೇ ಕಟ್ಟಡ ಕಟ್ಟುತ್ತಿದ್ದೇವೆ, ಯಾರು ಬೇಕಾದರೂ ಬಳಸಲಿ ಎನ್ನುವವರು ಕೆಥೆಡ್ರಲ್‌ನವರು. ಇದು ನನ್ನ ಕೃತಿ, ಕೇಳದೆ ಮುಟ್ಟಬೇಡಿ ಎನ್ನುವವರು ಪಾರ್ಲರ್‌ನವರು. ನನ್ನ ಫೈಲ್‌ಗಳು ಮುಕ್ತ. ಆದರೆ ಮುಕ್ತವಾಗಿಡದವರನ್ನು ಹೀನಾಯವಾಗಿ ಮಾತಾಡುವುದು ನನಗೆ ಸರಿಕಾಣುವುದಿಲ್ಲ, ಅವರ ಶ್ರಮ ಅವರದು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ಕೂಡ, ಹಕ್ಕನ್ನು ಬಿಟ್ಟುಕೊಟ್ಟ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರವನ್ನು ಕರ್ತೃವಿಗೆ ಉಳಿಸಿದೆ. ಅಪ್‌ಲೋಡ್ ಮಾಡುವ ಮುನ್ನ ಇನ್ನೊಂದು ತಿಳಿದಿರಲಿ: 2021ರಿಂದ ನೆಕ್ಸಸ್‌ನಲ್ಲಿ ಲೇಖಕರು ಫೈಲ್ ಅಳಿಸಿದರೆ ಅದು ಪೂರ್ತಿ ಅಳಿಯುವುದಿಲ್ಲ, ಆರ್ಕೈವ್‌ಗೆ ಹೋಗುತ್ತದೆ. ಒಪ್ಪಿಗೆಯಿಲ್ಲದವರಿಗೆ ಆ ವರ್ಷದ ಆಗಸ್ಟ್ 5ರವರೆಗೆ ತಮ್ಮ ಫೈಲ್‌ಗಳನ್ನು ಪೂರ್ತಿ ತೆಗೆಸಿಕೊಳ್ಳುವ ಅವಕಾಶವಿತ್ತು, ಕೆಲವರು ಹಾಗೇ ಹೊರಟುಹೋದರು.

ನಿಮ್ಮ ಮಾಡ್ ಅನ್ನೇ ಯಾರಾದರೂ ಎತ್ತಿದ್ದಾರೆ ಎನಿಸಿದರೆ ಮೊದಲು ಸಾಕ್ಷಿ ಕೂಡಿಸಿ. ಎರಡೂ ಫೈಲ್‌ಗಳ ಎಸ್‌ಎಚ್‌ಎ-256 ಹ್ಯಾಶ್ (ಫೈಲ್‌ನ ಡಿಜಿಟಲ್ ಬೆರಳಚ್ಚು) ತೆಗೆಯಿರಿ. ಒಂದೇ ಆಗಿದ್ದರೆ ಮಾತೇ ಮುಗಿಯಿತು. ಬದಲಾಗಿದ್ದರೆ ಎಕ್ಸ್‌ಎಡಿಟ್‌ನಲ್ಲಿ ಎರಡನ್ನೂ ತೆರೆದು ಫಾರ್ಮ್ ಐಡಿಯ ಕೊನೆಯ ಆರು ಅಂಕಿಗಳನ್ನು, ಎಡಿಟರ್ ಐಡಿಗಳನ್ನು (ರೆಕಾರ್ಡ್‌ಗಳಿಗೆ ಮಾಡರ್ ಇಟ್ಟ ಹೆಸರುಗಳು) ಹೋಲಿಸಿ. ನೀವು ಮಾಡಿದ ಕಾಗುಣಿತದ ತಪ್ಪು ಅಲ್ಲೂ ಹಾಗೇ ಇದ್ದರೆ ಅದಕ್ಕಿಂತ ಗಟ್ಟಿ ಪುರಾವೆ ಇಲ್ಲ. ಪೆಕ್ಸ್ ಹೆಡರ್‌ನಲ್ಲಿ ನಿಮ್ಮ ಕಂಪ್ಯೂಟರ್ ಹೆಸರು ಉಳಿದಿದೆಯೇ ನೋಡಿ. ನಂತರ ಖಾಸಗಿಯಾಗಿ ಒಂದು ಸಂದೇಶ ಕಳಿಸಿ, ಕ್ರೆಡಿಟ್ ಸೇರಿಸಬೇಕೋ ಫೈಲ್ ತೆಗೆಯಬೇಕೋ ಎಂದು ಸ್ಪಷ್ಟವಾಗಿ ಹೇಳಿ. ಹೊಸಬರಲ್ಲಿ ಅನೇಕರು ತಿಳಿಯದೆ ಮಾಡಿರುತ್ತಾರೆ, ಇಷ್ಟಕ್ಕೇ ಸರಿಪಡಿಸುತ್ತಾರೆ. ಕೇಳದಿದ್ದರೆ ರಿಪೋರ್ಟ್ ಬಟನ್, ಸಾಕ್ಷಿಯ ಸ್ಕ್ರೀನ್‌ಶಾಟ್‌ಗಳ ಜೊತೆ. ಡಿಎಂಸಿಎ (ಅಮೆರಿಕದ ಕೃತಿಸ್ವಾಮ್ಯ ಕಾಯ್ದೆ) ನೋಟಿಸ್ ಕೊನೆಯ ದಾರಿ: ಅದರಲ್ಲಿ ನಿಜಹೆಸರು, ವಿಳಾಸ ಕೊಡಬೇಕು, ಹಕ್ಕುದಾರ ನಾನೇ ಎಂದು ಸುಳ್ಳಾದರೆ ಶಿಕ್ಷೆಗೆ ಗುರಿಯಾಗುವ ಪ್ರಮಾಣ ಮಾಡಬೇಕು. ಆದ್ದರಿಂದ ನಿಮ್ಮ ಮಾಡ್‌ನಲ್ಲಿರುವ ಆಟದ ಮೂಲ ಮೆಶ್‌ಗಳನ್ನೂ ಬೇರೆಯವರ ಅಸೆಟ್‌ಗಳನ್ನೂ ಬಿಟ್ಟು, ನೀವೇ ರಚಿಸಿದ ಫೈಲ್‌ಗಳನ್ನು ಮಾತ್ರ ಆ ನೋಟಿಸ್‌ನಲ್ಲಿ ಹೆಸರಿಸಿ.