ಎರಡು ಕೇಬಲ್ ಇದ್ದ ಮಾತ್ರಕ್ಕೆ ಎರಡು ದಾರಿ ಆಗುವುದಿಲ್ಲ

ಹಲವು ಸರ್ವರ್‌ಗಳನ್ನು ಒಟ್ಟು ಸೇರಿಸಿ ಕ್ಲಸ್ಟರ್ ಕಟ್ಟುವಾಗ ಎಲ್ಲರ ಗಮನ ಸರ್ವರ್‌ಗಳ ಮೇಲೆಯೇ ಜಾಸ್ತಿ. ಮೂರು ಸರ್ವರ್ ಇವೆ, ಒಂದು ಕೆಟ್ಟರೆ ಅದರಲ್ಲಿದ್ದ ವರ್ಚುವಲ್ ಮೆಷಿನ್‌ಗಳು (ಸಾಫ್ಟ್‌ವೇರ್ ರೂಪದ ಕಂಪ್ಯೂಟರ್‌ಗಳು) ಉಳಿದ ಎರಡರಲ್ಲಿ ಏಳುತ್ತವೆ ಎಂಬ ಧೈರ್ಯ. ಆದರೆ ಆ ಮೂರರ ಡೇಟಾ ಕೂತಿರುವುದು ಒಂದೇ ಸ್ಟೋರೇಜ್ ಪೆಟ್ಟಿಗೆಯಲ್ಲಿ ಅಲ್ವಾ? ಅಲ್ಲಿಗೆ ಹೋಗುವ ದಾರಿ ಮುಚ್ಚಿಹೋದರೆ ಮೂರೂ ಒಟ್ಟಿಗೆ ನಿಲ್ಲುತ್ತವೆ.

ನಾನು ಕೆಲಸ ಮಾಡಿದ ಒಂದು ಕಡೆ ಹೀಗೇ ಆಯಿತು. ಪ್ರತಿ ಸರ್ವರ್‌ಗೆ ಎರಡು ಕೇಬಲ್, ನಡುವೆ ಎರಡು ಸ್ವಿಚ್, ನೋಡಿದರೆ ಯಾವ ಕೊರತೆಯೂ ಕಾಣುತ್ತಿರಲಿಲ್ಲ. ಒಂದು ಮಧ್ಯಾಹ್ನ ಯುಪಿಎಸ್ ಟ್ರಿಪ್ ಆಯಿತು. ಎರಡೂ ಸ್ವಿಚ್‌ಗಳ ಪವರ್ ಅದೇ ಒಂದು ಯುಪಿಎಸ್‌ನಿಂದ ಬರುತ್ತಿತ್ತು. ಆಮೇಲೆ ಮೆಷಿನ್‌ಗಳನ್ನು ಒಂದೊಂದಾಗಿ ಎಬ್ಬಿಸಿ, ಫೈಲ್ ಸಿಸ್ಟಂ ಸರಿಮಾಡಿ ಮುಗಿಸುವಷ್ಟರಲ್ಲಿ ರಾತ್ರಿಯಾಗಿತ್ತು.

ಅದಕ್ಕೇ ಹೇಳುವುದು, ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಸರ್ವರ್‌ನಿಂದ ಡಿಸ್ಕ್‌ವರೆಗೆ ನಡುವೆ ಬರುವ ಪ್ರತಿಯೊಂದನ್ನೂ ಬರೆಯಿರಿ: ನೆಟ್‌ವರ್ಕ್ ಕಾರ್ಡ್, ಕೇಬಲ್, ಸ್ವಿಚ್, ಸ್ಟೋರೇಜ್ ಪೆಟ್ಟಿಗೆಯೊಳಗೆ ಡಿಸ್ಕ್‌ಗಳನ್ನು ನಡೆಸುವ ಕಂಟ್ರೋಲರ್, ಇವೆಲ್ಲಕ್ಕೂ ಕರೆಂಟ್ ಕೊಡುವ ಯುಪಿಎಸ್. ಒಂದೊಂದರ ಮೇಲೂ ಬೆರಳಿಟ್ಟು ಮುಚ್ಚಿ, ಉಳಿದದ್ದರಲ್ಲಿ ಒಂದು ಪೂರ್ತಿ ದಾರಿ ಇದೆಯಾ ನೋಡಿ. ಇಲ್ಲದಿದ್ದರೆ ಅಲ್ಲೇ ನಿಲ್ಲಿಸಿ, ಅದನ್ನು ಸರಿಮಾಡಿ, ಆಮೇಲೆ ಸಾಮಾನಿಗೆ ಆರ್ಡರ್ ಕೊಡಿ.

ಕೇಬಲ್ ಎಳೆಯುವುದು

ಮೂರು ಸರ್ವರ್, ಎರಡು ಕಂಟ್ರೋಲರ್ ಇರುವ ಒಂದು ಸ್ಟೋರೇಜ್, ನಡುವೆ 10 ಗಿಗಾಬಿಟ್‌ನ ಐಸ್ಕಸಿ (iSCSI, ಮಾಮೂಲಿ ನೆಟ್‌ವರ್ಕ್ ಮೇಲೆ ದೂರದ ಡಿಸ್ಕ್ ಬಳಸುವ ವಿಧಾನ) ನೆಟ್‌ವರ್ಕ್ ಇದೆ ಎಂದುಕೊಳ್ಳೋಣ. ಸಣ್ಣ ಆಫೀಸಿಗೆ ಇದು ಸಾಕು.

ಸರ್ವರ್‌ನಲ್ಲಿ ಎರಡು ಪೋರ್ಟ್ ಇರುವ ಒಂದೇ ಕಾರ್ಡ್ ಹಾಕಿ ಎರಡು ದಾರಿ ಆಯಿತು ಎಂದುಕೊಳ್ಳಬೇಡಿ. ಕಾರ್ಡ್ ಸುಟ್ಟರೆ ಎರಡೂ ಪೋರ್ಟ್ ಹೋಗುತ್ತವೆ. ಎರಡು ಬೇರೆ ಕಾರ್ಡ್ ಹಾಕಿ, ಒಂದೊಂದರಿಂದ ಒಂದೊಂದು ಪೋರ್ಟ್ ಬಳಸಿ. ಒಂದು ಕೇಬಲ್ ಮೊದಲನೇ ಸ್ವಿಚ್‌ಗೆ, ಇನ್ನೊಂದು ಎರಡನೇ ಸ್ವಿಚ್‌ಗೆ. ಸ್ಟೋರೇಜ್ ಕಡೆಯಲ್ಲಿ ಪ್ರತಿ ಕಂಟ್ರೋಲರ್‌ನಿಂದಲೂ ಎರಡು ಸ್ವಿಚ್‌ಗಳಿಗೂ ಒಂದೊಂದು ಎಳೆಯಿರಿ. ಸರ್ವರ್‌ಗಳಿಂದ 6, ಸ್ಟೋರೇಜ್‌ನಿಂದ 4, ಒಟ್ಟು 10 ಕೇಬಲ್. ಹೀಗೆ ಮಾಡಿದರೆ ಪ್ರತಿ ಸರ್ವರ್‌ಗೂ ಸ್ಟೋರೇಜ್‌ಗೆ ನಾಲ್ಕು ದಾರಿ ಕಾಣುತ್ತವೆ. ಈ ನಾಲ್ಕನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕು.

ಎರಡು ಸ್ವಿಚ್‌ಗಳನ್ನು ಸ್ಟ್ಯಾಕ್ ಮಾಡಿ ಒಂದೇ ಮಾಡುವ ಆಸೆ ಎಲ್ಲರಿಗೂ ಬರುತ್ತದೆ, ನಿರ್ವಹಣೆ ಸುಲಭ ನಿಜ, ಆದರೆ ಎಷ್ಟೋ ಮಾಡೆಲ್‌ಗಳಲ್ಲಿ ಫರ್ಮ್‌ವೇರ್ ಅಪ್‌ಡೇಟ್ ಮಾಡಿದರೆ ಇಡೀ ಸ್ಟ್ಯಾಕ್ ಒಟ್ಟಿಗೆ ರೀಬೂಟ್ ಆಗುತ್ತದೆ, ಆಗ ನಿಮ್ಮ ಎರಡು ದಾರಿಯೂ ಒಂದೇ ಹೊತ್ತಿಗೆ ಮಾಯ. ಸ್ಟೋರೇಜ್ ಸ್ವಿಚ್‌ಗಳನ್ನು ಬೇರೆ ಬೇರೆಯಾಗಿಯೇ ಬಿಡಿ. ಸ್ಟೋರೇಜ್‌ಗೆಂದೇ ಇರುವ ಫೈಬರ್ ಚಾನೆಲ್ ನೆಟ್‌ವರ್ಕ್ ಬಳಸುವವರಿಗೂ ಇದೇ ಮಾತು, ಎರಡು ಫ್ಯಾಬ್ರಿಕ್‌ಗಳನ್ನು (ಸ್ವಿಚ್ ಜಾಲಗಳನ್ನು) ಒಂದಕ್ಕೊಂದು ಜೋಡಿಸಬೇಡಿ.

ಕರೆಂಟ್ ವಿಷಯ ಆಗಲೇ ಹೇಳಿದೆ. ಒಂದು ಸ್ವಿಚ್ ಒಂದು ಯುಪಿಎಸ್‌ಗೆ, ಇನ್ನೊಂದು ಇನ್ನೊಂದಕ್ಕೆ. ಸರ್ವರ್, ಸ್ಟೋರೇಜ್‌ಗಳ ಎರಡೆರಡು ಪವರ್ ಸಪ್ಲೈಗಳೂ ಹಾಗೇ.

ಅಡ್ರೆಸ್ ಕೊಡುವುದು

ಮೊದಲನೇ ಸ್ವಿಚ್‌ಗೆ ಒಂದು ಸಬ್‌ನೆಟ್ (ಅಡ್ರೆಸ್‌ಗಳ ಒಂದು ಗುಂಪು), ಎರಡನೆಯದಕ್ಕೆ ಬೇರೆ ಸಬ್‌ನೆಟ್. ಉದಾಹರಣೆಗೆ 10.10.1 ಮತ್ತು 10.10.2 ಎಂದು ಶುರುವಾಗುವ ಅಡ್ರೆಸ್‌ಗಳು. ಎರಡೂ ಕಾರ್ಡ್‌ಗಳಿಗೆ ಒಂದೇ ಸಬ್‌ನೆಟ್ ಕೊಟ್ಟರೆ, ಲಿನಕ್ಸ್‌ನಲ್ಲಿ ಒಂದು ಕಾರ್ಡ್‌ನ ಅಡ್ರೆಸ್ ಕೇಳಿದರೆ ಇನ್ನೊಂದು ಕಾರ್ಡ್ ಉತ್ತರ ಕೊಡುವ ತೊಂದರೆ ಬರುತ್ತದೆ. ಎರಡು ದಾರಿ ಇದ್ದಂತೆ ಕಾಣುತ್ತದೆ, ಟ್ರಾಫಿಕ್ ಎಲ್ಲಾ ಒಂದರಲ್ಲೇ ಹರಿಯುತ್ತಿರುತ್ತದೆ.

ಐಸ್ಕಸಿಗೆ ಎರಡು ಪೋರ್ಟ್‌ಗಳನ್ನು ಎಲ್‌ಎಸಿಪಿಯಲ್ಲಿ (ಹಲವು ಪೋರ್ಟ್‌ಗಳನ್ನು ಒಂದೇ ಲಿಂಕ್ ಆಗಿ ಸೇರಿಸುವ ವಿಧಾನ) ಕಟ್ಟಿಬಿಡೋಣ ಎಂದು ಸುಮಾರು ಜನ ಕೇಳುತ್ತಾರೆ. ಬೇಡ. ಒಂದು ಸೆಷನ್ ಒಂದೇ ಕೇಬಲ್ ಹಿಡಿಯುತ್ತದೆ, ಆದ್ದರಿಂದ ವೇಗವೂ ಹೆಚ್ಚುವುದಿಲ್ಲ. ದಾರಿ ಆರಿಸುವ ಕೆಲಸವನ್ನು ಮಲ್ಟಿಪಾತ್ ಎಂಬ ಸಾಫ್ಟ್‌ವೇರ್‌ಗೆ ಬಿಡಿ, ಅದರ ವಿಷಯ ಮುಂದೆ ಇದೆ.

ಜಂಬೊ ಫ್ರೇಮ್ (ಮಾಮೂಲಿಗಿಂತ ದೊಡ್ಡ ಪ್ಯಾಕೆಟ್) ಬೇಕೆಂದರೆ ಪ್ಯಾಕೆಟ್ ಗಾತ್ರ 9000 ಬೈಟ್ ಎಂದು ಸರ್ವರ್, ಸ್ವಿಚ್, ಸ್ಟೋರೇಜ್ ಮೂರರಲ್ಲೂ ಹೊಂದಿಸಬೇಕು. ಒಂದರಲ್ಲಿ ಮರೆತರೂ ಲಾಗಿನ್ ಆಗುತ್ತದೆ, ಆಮೇಲೆ ದೊಡ್ಡ ಫೈಲ್ ಬರೆಯುವಾಗ ಸಿಕ್ಕಿಹಾಕಿಕೊಳ್ಳುತ್ತದೆ. ಪ್ಯಾಕೆಟ್ ತುಂಡಾಗಬಾರದು ಎಂದು ಹೇಳಿ, 8972 ಬೈಟ್‌ಗಳ (ಉಳಿದ 28 ಹೆಡರ್‌ಗೆ) ಪಿಂಗ್ ಕಳಿಸಿ ನೋಡಿ. ಉತ್ತರ ಬಂದರೆ ಸರಿ.

ಮಲ್ಟಿಪಾತ್

ನಾಲ್ಕು ದಾರಿ ಇದ್ದರೆ ಆಪರೇಟಿಂಗ್ ಸಿಸ್ಟಂಗೆ ಒಂದೇ ಡಿಸ್ಕ್ ನಾಲ್ಕಾಗಿ ಕಾಣುತ್ತದೆ. ಅವು ಒಂದೇ ಎಂದು ಗುರುತಿಸಿ ಒಟ್ಟು ಮಾಡುವುದು ಮಲ್ಟಿಪಾತ್. ಸುಮಾರು ಪೆಟ್ಟಿಗೆಗಳಲ್ಲಿ ಒಂದು ಲನ್‌ಗೆ (ಸ್ಟೋರೇಜ್ ಪೆಟ್ಟಿಗೆ ಸರ್ವರ್‌ಗೆ ತೋರಿಸುವ ಡಿಸ್ಕ್) ಒಂದು ಕಂಟ್ರೋಲರ್ ಮಾಲೀಕ ಇದ್ದಂತೆ. ಆ ಕಂಟ್ರೋಲರ್‌ನ ಎರಡು ದಾರಿ ವೇಗದವು, ಇನ್ನೆರಡು ಕಷ್ಟಕಾಲಕ್ಕೆ. ಸ್ಟೋರೇಜ್ ಕಂಪನಿಯ ಕೈಪಿಡಿಯಲ್ಲಿ ಕೊಟ್ಟ ಸೆಟ್ಟಿಂಗ್ ಇದ್ದರೆ ಅದನ್ನೇ ಹಾಕಿ.

ಎರಡು ಸಂಖ್ಯೆಗಳ ಮೇಲೆ ಮಾತ್ರ ಕಣ್ಣಿಡಿ. ಲಿನಕ್ಸ್‌ನ ಐಸ್ಕಸಿ ಸತ್ತ ದಾರಿ ಮತ್ತೆ ಬರಲಿ ಎಂದು ಸುಮ್ನೆ ಬಿಟ್ಟರೆ 120 ಸೆಕೆಂಡ್ ಕಾಯುತ್ತದೆ. ಪಕ್ಕದಲ್ಲಿ ಒಳ್ಳೆಯ ದಾರಿ ಇದ್ದೂ ಡೇಟಾಬೇಸ್ ಎರಡು ನಿಮಿಷ ನಿಂತಿರುತ್ತದೆ. ಅದನ್ನು 15 ಅಥವಾ ಇನ್ನೂ ಕಡಿಮೆ ಮಾಡಿ. ಎರಡನೆಯದು, ನಾಲ್ಕೂ ದಾರಿ ಹೋದರೆ ಎಷ್ಟು ಹೊತ್ತು ಕಾಯಬೇಕು ಎಂಬುದು. ಕೊನೆಯೇ ಇಲ್ಲದೆ ಕಾಯಲು ಬಿಟ್ಟರೆ ಆ ಸರ್ವರ್ ಸಾಯುವುದೂ ಇಲ್ಲ, ಬದುಕುವುದೂ ಇಲ್ಲ, ಕ್ಲಸ್ಟರ್‌ಗೆ ಅದನ್ನು ಏನು ಮಾಡಬೇಕೆಂದೇ ತಿಳಿಯುವುದಿಲ್ಲ. ಒಂದು ಮಿತಿ ಇಡಿ.

ಇನ್ನೊಂದು ಎಚ್ಚರಿಕೆ. ಒಂದೇ ಲನ್ ಮೂರು ಸರ್ವರ್‌ಗೆ ಕಾಣುತ್ತದೆ ಎಂದು ಅದಕ್ಕೆ ಇಎಕ್ಸ್‌ಟಿ4 ತರಹದ, ಒಂದೇ ಸರ್ವರ್‌ಗೆಂದು ಇರುವ ಫೈಲ್ ಸಿಸ್ಟಂ ಹಾಕಿ ಮೂರರಲ್ಲೂ ಮೌಂಟ್ ಮಾಡಬೇಡಿ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ತಿಳಿಯದೆ ಡೇಟಾ ಹಾಳಾಗುತ್ತದೆ. ಜಿಎಫ್‌ಎಸ್2, ಒಸಿಎಫ್‌ಎಸ್2, ವಿಎಂಎಫ್‌ಎಸ್ ತರಹದ ಕ್ಲಸ್ಟರ್ ಫೈಲ್ ಸಿಸ್ಟಂ ಬೇಕು.

ಕಿತ್ತು ನೋಡಿ

ಕೆಲಸಕ್ಕೆ ಬಿಡುವ ಮೊದಲೇ ಇದನ್ನು ಮಾಡಿ, ದಯವಿಟ್ಟು ತಪ್ಪಿಸಬೇಡಿ. ಫಿಯೊ (fio) ಎಂಬ ಡಿಸ್ಕ್ ಪರೀಕ್ಷೆಯ ಸಾಫ್ಟ್‌ವೇರ್ ಹಾಕಿ ಓದುವುದು, ಬರೆಯುವುದು ಜೋರಾಗಿ ನಡೆಯುವಂತೆ ಮಾಡಿ. ಅದು ನಡೆಯುತ್ತಿರುವಾಗಲೇ ಒಂದು ಕೇಬಲ್ ಕಿತ್ತುಹಾಕಿ. ಆಮೇಲೆ ಒಂದು ಸ್ವಿಚ್‌ನ ಪವರ್ ತೆಗೆಯಿರಿ. ಆಮೇಲೆ ಒಂದು ಕಂಟ್ರೋಲರ್ ರೀಬೂಟ್ ಮಾಡಿ. ಕೊನೆಗೆ ಒಂದು ಯುಪಿಎಸ್ ಆಫ್ ಮಾಡಿ. ಪ್ರತಿ ಸಲವೂ ಎಷ್ಟು ಸೆಕೆಂಡ್ ನಿಂತಿತು ಎಂದು ಆ ಹಾಳೆಯಲ್ಲೇ ಬರೆಯಿರಿ. ಉಳಿದ ಅರ್ಧ ದಾರಿಗಳು ಪೂರ್ತಿ ಭಾರ ಹೊರುತ್ತವೆಯಾ ಎಂಬುದೂ ಇಲ್ಲೇ ಗೊತ್ತಾಗುತ್ತದೆ. 10 ಗಿಗಾಬಿಟ್‌ನ ಒಂದು ಕೇಬಲ್ ಲೆಕ್ಕದಲ್ಲಿ ಸೆಕೆಂಡಿಗೆ 1250 ಮೆಗಾಬೈಟ್, ನಿಜದಲ್ಲಿ ಇನ್ನೂ ಕಡಿಮೆ.

ಕಿತ್ತದ್ದನ್ನು ಮತ್ತೆ ಹಾಕಿದ ಮೇಲೆ ಪ್ರತಿ ಸರ್ವರ್‌ನಲ್ಲೂ ನಾಲ್ಕು ದಾರಿ ವಾಪಸ್ ಬಂದಿವೆಯಾ ಎಣಿಸಿ. ಒಂದು ದಾರಿ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ, ಎಲ್ಲವೂ ಮೊದಲಿನಂತೆಯೇ ಓಡುತ್ತಿರುತ್ತದೆ, ತಿಂಗಳುಗಟ್ಟಲೆ ಹಾಗೇ ಇದ್ದು ಉಳಿದವೂ ಹೋದ ದಿನ ಫೋನ್ ಬರುತ್ತದೆ. ಆದ್ದರಿಂದ ಮಾನಿಟರಿಂಗ್‌ನಲ್ಲಿ ದಾರಿಗಳ ಎಣಿಕೆ ಸೇರಿಸಿ. ನಾಲ್ಕು ಇದ್ದದ್ದು ಮೂರಾದ ಕೂಡಲೇ ನಿಮಗೆ ಮೆಸೇಜ್ ಬರಬೇಕು. ಯಾವ ಕೇಬಲ್ ಎಂದು ಹುಡುಕಲು ಎರಡೂ ತುದಿಗೆ ಲೇಬಲ್ ಅಂಟಿಸಿ, ಆ ಹಾಳೆಯ ಒಂದು ಪ್ರತಿಯನ್ನು ರ‍್ಯಾಕ್ ಬಾಗಿಲಿನ ಒಳಗಡೆ ಹಚ್ಚಿಬಿಡಿ.