ಹೆಜ್ಜೆ ಸದ್ದು ಬದಲಿಸಿ, ಮೈ ಹಗುರಾಗುತ್ತಾ ನೋಡಿ

ನಡೆಯುವವರಿಗೆ ಅವರದೇ ಹೆಜ್ಜೆ ಸದ್ದನ್ನು ಬದಲಿಸಿ ಕೇಳಿಸಿದರೆ ಮೈ ಹಗುರ ಅನ್ನಿಸುತ್ತದೆಯೇ? ನನ್ನ ವಿದ್ಯಾರ್ಥಿಗಳೂ ನಾನೂ ಮಾಡಿ ನೋಡಿದ ಈ ಪ್ರಯೋಗವನ್ನು ನೀವೂ ಮಾಡಬಹುದು. ಮೊದಲು ಚಪ್ಪಲಿ. ಅಡಿ ಗಟ್ಟಿ ಇರಬೇಕು, ನೆಲಕ್ಕೆ ಬಿದ್ದರೆ ಟಕ್ ಅನ್ನಬೇಕು. ಹವಾಯಿ ಚಪ್ಪಲಿ ಹಿಮ್ಮಡಿಗೆ ಪಟಪಟ ಹೊಡೆಯುತ್ತದೆ, ಕೆಲಸಕ್ಕೆ ಬಾರದು. ನಾವು ಮಂಡ್ಯದ ಪೇಟೆ ಬೀದಿಯಲ್ಲಿ ಮೂರು ಅಳತೆಯವು ಕೊಂಡೆವು. ಅಂಗಡಿಯಲ್ಲಿ ಹುಡುಗರು ಚಪ್ಪಲಿಯನ್ನು ಕಿವಿ ಹತ್ತಿರ ಹಿಡಿದು ಕುಟ್ಟಿ ನೋಡುತ್ತಿದ್ದರೆ ಅಂಗಡಿಯವರು, "ತೆಂಗಿನ್‌ಕಾಯಿ ತಗೊಳ್ತಿದ್ದೀರಾ ಸಾ?" ಅಂದರು.

ನಾನು ಮಂಡ್ಯದಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುವವನು, ಮನೆ ಮೈಸೂರಿನಲ್ಲಿ. ಪ್ರತಿ ವರ್ಷ ಒಂದು ತಂಡವಾದರೂ "ಎಮೋಷನ್ ಡಿಟೆಕ್ಷನ್ ಮಾಡ್ತೀವಿ ಸಾರ್" ಅಂತ ಬರುತ್ತದೆ, ಅಂದರೆ ಮನಸ್ಸಿನ ಭಾವವನ್ನು ಯಂತ್ರದಿಂದ ಗುರುತಿಸುವುದು. ಕ್ಯಾಮೆರಾ ಮುಂದೆ ಹಲ್ಲು ಕಿರಿದರೆ ಪರದೆ ಮೇಲೆ 'ಹ್ಯಾಪಿ'. ಸಾಲ ಕೇಳಲು ಬಂದವನೂ ಹಲ್ಲು ಕಿರಿಯುತ್ತಾನಲ್ಲ! ಬರೀ ಮುಖ ನೋಡಿ ಒಳಗಿನದನ್ನು ಹೇಳುವುದು ನೆಚ್ಚುವಂಥದ್ದಲ್ಲ ಎಂದು ಮನಃಶಾಸ್ತ್ರಜ್ಞೆ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಸಂಗಡಿಗರು 2019ರಲ್ಲಿ ವಿವರವಾಗಿ ಬರೆದಿದ್ದಾರೆ. ಹಾಗಾಗಿ ನಾವು ಮುಖ ಬಿಟ್ಟು ಪಾದ ಹಿಡಿದೆವು.

ದಾರಿ ತೋರಿದ್ದು ಸಂಶೋಧಕಿ ಆನಾ ತಹದುರಾ-ಹಿಮೆನೆಜ್ ಅವರ ತಂಡ 2015ರಲ್ಲಿ ಪ್ರಕಟಿಸಿದ ಪ್ರಯೋಗ. ನಡೆಯುವವರಿಗೆ ಅವರದೇ ಹೆಜ್ಜೆ ಸದ್ದನ್ನು ಆಗಿಂದಾಗಲೇ ಬದಲಿಸಿ ಕೇಳಿಸಿದರು. ಸದ್ದು ತೆಳ್ಳಗಾದಾಗ ಜನಕ್ಕೆ ತಮ್ಮ ಮೈಯೇ ಹಗುರ ಅನ್ನಿಸಿತು, ನಡಿಗೆಯೂ ಬದಲಾಯಿತು.

ಪ್ರತಿ ಚಪ್ಪಲಿಗೂ ಒಂದು ಕಾಲರ್ ಮೈಕ್ ಅಂಟಿಸಿ, ತಂತಿಯನ್ನು ಮೊಣಕಾಲಿಗೆ ಸಡಿಲವಾಗಿ ಕಟ್ಟಿ. ಸದ್ದು ಈಕ್ವಲೈಸರ್ (ಸದ್ದಿನ ತೆಳು, ದಪ್ಪ ಭಾಗಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಸಾಧನ) ದಾಟಿ ಕಿವಿಗೆ ಹೋಗಲಿ. 'ಹಗುರ' ಬೇಕಾದಾಗ 1 ಕಿಲೋಹರ್ಟ್ಸ್‌ಗಿಂತ ಮೇಲಿನ ತೆಳು ಸದ್ದನ್ನು ಎತ್ತಿ, 250 ಹರ್ಟ್ಸ್‌ಗಿಂತ ಕೆಳಗಿನ ದಪ್ಪ ಸದ್ದನ್ನು ತಗ್ಗಿಸಿ. 'ಭಾರ'ಕ್ಕೆ ಇದರ ತಿರುವುಮುರುವು. ಮೂರನೆಯದು ಏನೂ ಮುಟ್ಟದ ಸದ್ದು. ಯಾವುದು ಮೊದಲು ಅನ್ನುವುದನ್ನು ಒಬ್ಬೊಬ್ಬರಿಗೆ ಒಂದೊಂದು ಥರ ಚೀಟಿ ಎತ್ತಿ ನಿರ್ಧರಿಸಿ. ಇಲ್ಲದಿದ್ದರೆ ಕೊನೆಯ ಸುತ್ತಿನ ಸುಸ್ತನ್ನೇ 'ಭಾರ' ಅಂದುಕೊಳ್ಳುತ್ತೀರಿ.

ಬ್ಲೂಟೂತ್ ಬೇಡವೇ ಬೇಡ. ಕಾಲು ಈಗ ಊರಿದರೆ ಸದ್ದು ಆಮೇಲೆ ಬರುತ್ತದೆ, ಹಿಂದೆ ಯಾರೋ ಬರುತ್ತಿದ್ದಾರೆ ಅನ್ನಿಸಿ ಜನ ತಿರುಗಿ ನೋಡುತ್ತಾರೆ. ಸಂಶೋಧಕರಾದ ಬೊಟ್‌ವಿನಿಕ್ ಮತ್ತು ಕೋಹೆನ್ 1998ರಲ್ಲಿ ತೋರಿಸಿದ ರಬ್ಬರ್ ಕೈ ಆಟವೂ ಹೀಗೇ: ಮರೆಯಲ್ಲಿಟ್ಟ ನಿಜದ ಕೈಗೂ ಎದುರಿನ ರಬ್ಬರ್ ಕೈಗೂ ಒಟ್ಟಿಗೇ ಕುಂಚ ಆಡಿಸಿದರೆ ರಬ್ಬರಿನದೇ ನನ್ನದು ಅನ್ನಿಸುತ್ತದೆ, ತಾಳ ತಪ್ಪಿಸಿದರೆ ಆ ಭ್ರಮೆ ಸೊರಗುತ್ತದೆ. ತಂತಿಯ ಹೆಡ್‌ಫೋನೇ ಇರಲಿ.

ಇನ್ನು ಕೇಳುವ ಕೆಲಸ. ನಾವು ಎಡವಿದ್ದು ಇಲ್ಲೇ. ಹುಡುಗರು ಇಂಗ್ಲಿಷ್ ಪ್ರಶ್ನಾವಳಿಯನ್ನು ನಿಘಂಟು ಹಿಡಿದು ಕನ್ನಡ ಮಾಡಿ, 'ನಿಮ್ಮ ಉದ್ರೇಕದ ಮಟ್ಟ ಎಷ್ಟು?' ಎಂದು ಅಚ್ಚು ಹಾಕಿಸಿದ್ದರು. ಅಡುಗೆ ಕೆಲಸದ ಅಕ್ಕ ಒಬ್ಬರು ಅದನ್ನು ಓದಿ, ಸೆರಗು ಬಾಯಿಗಿಟ್ಟು ನಕ್ಕು, ಹಾಳೆ ಹಿಂದಕ್ಕೆ ಕೊಟ್ಟುಬಿಟ್ಟರು. "ಮೈ ಭಾರವಾ ಹಗುರವಾ ಅಂತ ಕೇಳು ಮಗ, ಹೇಳ್ತೀನಿ." ಅವತ್ತೇ ಹೊಸ ಹಾಳೆ ಬರೆದೆವು: ಮೈ ಭಾರವೋ ಹಗುರವೋ, ಕಾಲು ಎಳೆಯುತ್ತಿದೆಯೋ, ಎದೆ ಡವಡವ ಅನ್ನುತ್ತಿದೆಯೋ, ಮನಸ್ಸು ಗೆಲುವಾಗಿದೆಯೋ. ಉತ್ತರ 1ರಿಂದ 7. 'ದಪ್ಪ' ಎಂಬ ಮಾತು ಎತ್ತಬೇಡಿ. ಊಟ, ತೂಕದ ವಿಷಯದಲ್ಲಿ ನರಳುತ್ತಿರುವವರನ್ನು ಈ ಪ್ರಯೋಗಕ್ಕೆ ಕೂರಿಸಲೇಬೇಡಿ. ಇದನ್ನೆಲ್ಲ ಮೊದಲೇ ಕೇಳಿ ತಿಳಿಯಲು ಎಲೆಕ್ಟ್ರಾನಿಕ್ಸ್ ಹುಡುಗರಿಗೆ ಮನಃಶಾಸ್ತ್ರದವರ ಬಾಗಿಲು ತಟ್ಟಲು ಅದೇನು ನಾಚಿಕೆಯೋ. ಮೈಸೂರಿನಲ್ಲಿ 1935ರಲ್ಲೇ ಮನೆಯಲ್ಲಿ ರೇಡಿಯೋ ಕೇಂದ್ರ ಶುರು ಮಾಡಿದ ಎಂ. ವಿ. ಗೋಪಾಲಸ್ವಾಮಿ ಮನಃಶಾಸ್ತ್ರದ ಪ್ರೊಫೆಸರು!

ಕಣಕಾಲಿಗೆ ಚಲನೆ ಅಳೆಯುವ ಎಂಪಿಯು6050 ಸೆನ್ಸರ್, ಸೆಕೆಂಡಿಗೆ 100 ಸಲ ಓದಿದರೆ ಧಾರಾಳ. ಎಡಗೈಯ ಎರಡು ಬೆರಳಿಗೆ ಬೆವರು ಅಳೆಯುವ ಜಿಎಸ್‌ಆರ್ ಸೆನ್ಸರ್. ಮನಸ್ಸು ಅಲುಗಿದ ಮೇಲೆ ಬೆವರು ಏರಲು 1ರಿಂದ 3 ಸೆಕೆಂಡು ಬೇಕು, ಹೆಜ್ಜೆಗೂ ಬೆವರಿಗೂ ಗಂಟು ಹಾಕುವಾಗ ನೆನಪಿರಲಿ. ಏಪ್ರಿಲ್ ಮಧ್ಯಾಹ್ನ ಕರೆಂಟ್ ಹೋಗಿ ಫ್ಯಾನ್ ನಿಂತಾಗ ನಮ್ಮ ಯಂತ್ರದ ಪ್ರಕಾರ ಇಡೀ ಮಂಡ್ಯ ಗಾಬರಿಯಲ್ಲಿತ್ತು. ಬಂದವರನ್ನು ಹತ್ತು ನಿಮಿಷ ನೆರಳಲ್ಲಿ ಕೂರಿಸಿ, ನೀರು ಕೊಟ್ಟು, ಆಮೇಲೆ ಶುರು ಮಾಡಿ.

ಮಷೀನ್ ಲರ್ನಿಂಗ್, ಅಂದರೆ ಅಂಕಿಗಳಿಂದ ಯಂತ್ರ ಕಲಿಯುವ ಭಾಗ, ಜನ ಅಂದುಕೊಂಡಷ್ಟು ದೊಡ್ಡದಲ್ಲ. ಪಾದ ನೆಲದಲ್ಲಿದ್ದ ಹೊತ್ತು, ಕಾಲೆತ್ತುವ ರಭಸ, ಹೆಜ್ಜೆಗಳ ನಡುವಿನ ಬಿಡುವು: ಇವನ್ನು ತೆಗೆದು, ಆಯಾ ವ್ಯಕ್ತಿಯ ಮಾಮೂಲಿ ನಡಿಗೆಯಿಂದ ಎಷ್ಟು ಸರಿದಿದೆ ಎಂದು ಲೆಕ್ಕ ಹಾಕಿ, ರ‍್ಯಾಂಡಮ್ ಫಾರೆಸ್ಟ್‌ಗೆ (ಹಲವು ಪುಟ್ಟ ಊಹೆಗಳನ್ನು ಕೂಡಿಸಿ ಒಂದು ಉತ್ತರ ಕೊಡುವ ಕಲಿಕೆಯ ವಿಧಾನ) ಕೊಡಿ. ಊಹಿಸಬೇಕಾದ್ದು ಅವರು ಹಾಳೆಯಲ್ಲಿ ಹೇಳಿದ ಭಾರ-ಹಗುರವನ್ನು, ನೀವು ಹಾಕಿದ ಸದ್ದನ್ನಲ್ಲ. ಯಂತ್ರಕ್ಕೆ ಕಲಿಸುವಾಗ ಒಬ್ಬರನ್ನು ಪೂರ್ತಿ ಹೊರಗಿಟ್ಟು ಅವರ ಮೇಲೇ ಪರೀಕ್ಷೆ ಮಾಡಿ, ಸರದಿಯಂತೆ ಎಲ್ಲರನ್ನೂ. ನಮ್ಮ ತಂಡ ಎಲ್ಲರ ಹೆಜ್ಜೆಗಳನ್ನೂ ಕಲಸಿ ಕಲಿಕೆಗೂ ಪರೀಕ್ಷೆಗೂ ಹಂಚಿ, ಸರಿಯುತ್ತರ ನೂರಕ್ಕೆ ತೊಂಬತ್ತು ಮೀರಿತೆಂದು ಮದ್ದೂರು ವಡೆ ತಂದಿತ್ತು. ಹೊಸಬರೊಬ್ಬರನ್ನು ನಡೆಸಿದರೆ ನಾಣ್ಯ ಚಿಮ್ಮಿದ ಹಾಗೆ ಉತ್ತರ. ಯಂತ್ರ ಕಲಿತಿದ್ದು ಭಾರ-ಹಗುರವನ್ನಲ್ಲ, ಯಾರ ಕಾಲು ಯಾವುದೆಂದು.

ಮೈಕಿನಲ್ಲಿ ಮಾತೂ ಸಿಕ್ಕಿರುತ್ತದೆ. ಒಪ್ಪಿಗೆ ಪತ್ರದಲ್ಲಿ ಅದನ್ನು ಬರೆದಿಡಿ, ಬೇಕಾದ ಅಂಕಿ ತೆಗೆದ ಕೂಡಲೇ ಧ್ವನಿ ಅಳಿಸಿ.

ಕೊನೆಯಲ್ಲಿ ಹೆಡ್‌ಫೋನ್ ತೆಗೆಸಿ ಇನ್ನೆರಡು ನಿಮಿಷ ನಡೆಸಿ, ಸೆನ್ಸರ್ ಓಡುತ್ತಿರಲಿ. 'ಹಗುರ' ಸುತ್ತು ಮುಗಿಸಿದ ಆ ಅಕ್ಕ ನಾಲ್ಕು ಹೆಜ್ಜೆ ಇಟ್ಟು ನಿಂತರು, ಕಾಲು ನೋಡಿಕೊಂಡರು. "ಇದ್ಯಾಕೆ ಇಷ್ಟು ದಪ್‌ದಪ್ ಅಂತೈತೆ? ಚಪ್ಪಲಿ ಬದಲಾಯಿಸಿಬುಟ್ರಾ?"